ಫಿರ್ಯಾದಿ ಯಾರು?

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ತುದಿಯಲ್ಲಿ ಹಣ್ಣು ಮಾರುವ ಅಮ್ಮನೊಬ್ಬರ ಎಲೆಕ್ಟ್ರಾನಿಕ್ ತಕ್ಕಡಿಯೂ ಗಲ್ಲಾಪೆಟ್ಟಿಗೆಯೂ ರಾತ್ರೋರಾತ್ರಿ ಕಳುವಾದವು. ಓದುಬರಹ ಬಲ್ಲವರೊಬ್ಬರು ಜೊತೆಗಿರಲಿ ಎಂದು ನನ್ನನ್ನೂ ಠಾಣೆಗೆ ಕರೆದುಕೊಂಡು ಹೋದರು. ರೈಟರ್ ಕೆಲಸದ ಪೊಲೀಸರು ಕಾಗದ ಎಳೆದುಕೊಂಡು, ತಲೆ ಎತ್ತದೆ ಕೇಳಿದರು: "ಫಿರ್ಯಾದಿ ಯಾರು?"

"ಯಾರೂಂತ ಗೊತ್ತಿದ್ರೆ ನಾನೇ ಕೊರಳಪಟ್ಟಿ ಹಿಡ್ಕೊಂಡು ಎಳ್ಕೊಂಡು ಬರ್ತಿರ್ಲಿಲ್ವಾ ಸ್ವಾಮಿ?"

"ಕದ್ದವನನ್ನ ಕೇಳ್ತಿಲ್ಲಮ್ಮ. ಫಿರ್ಯಾದಿ ನೀನೇ."

"ಅಯ್ಯೋ ಶಿವನೇ, ನಾನೇನು ಮಾಡ್ದೆ?"

ಅಲ್ಲಿದ್ದವರೆಲ್ಲ ನಕ್ಕರು. ಆ ಅಮ್ಮನೂ ನಕ್ಕರು. ಮನೆಗೆ ಬಂದ ಮೇಲೂ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಠಾಣೆಯಲ್ಲಿ ಹೆಸರು ಬರೆಸಿಕೊಂಡರೆ ಏನೋ ತಪ್ಪು ಮಾಡಿದ ಹಾಗೆ ಎಂಬ ಭಯ ಒಂದು ಕಡೆ. ಆರೋಪಿ, ಫಿರ್ಯಾದಿ, ವಾದಿ, ದೂರುದಾರ ಎಂಬ ಪದಗಳು ಒಂದರೊಳಗೊಂದು ಕಲೆತು ಹೋಗಿರುವ ಗೋಜಲು ಇನ್ನೊಂದು ಕಡೆ. ಆ ಗೋಜಲು ಹಣ್ಣಿನ ಅಂಗಡಿಯವರದಷ್ಟೇ ಅಲ್ಲ. ದಿನಪತ್ರಿಕೆಯ ವರದಿಗಳಲ್ಲೂ ವಾಹಿನಿಗಳ ಚರ್ಚೆಗಳಲ್ಲೂ ಅದೇ ಇದೆ. ಇನ್ನೊಬ್ಬರ ಮೇಲೆ ತಪ್ಪು ಹೊರಿಸಿ ನ್ಯಾಯದ ಕಟ್ಟೆ ಹತ್ತಿದವರನ್ನು ಕಾನೂನು ಯಾವ ಹೆಸರಿನಿಂದ ಕರೆಯುತ್ತದೆ, ಆ ಹೆಸರು ಎಲ್ಲಿಂದ ಬಂತು, ಅದರ ಬೆನ್ನಿಗೆ ಯಾವ ಹಕ್ಕು, ಯಾವ ಹೊಣೆ ಇವೆ ಎಂದು ಒಮ್ಮೆ ಸಾವಧಾನವಾಗಿ ನೋಡುವುದು ಈ ಲೇಖನದ ಉದ್ದೇಶ.

ಕೂಗು, ಬೇಡಿಕೆ, ಮಾತು

'ಫಿರ್ಯಾದಿ' ಪಾರಸಿ ಮೂಲದ ಪದ. ಪಾರಸಿಯಲ್ಲಿ 'ಫರ್ಯಾದ್' ಎಂದರೆ ಆರ್ತನಾದ, ಸಹಾಯಕ್ಕಾಗಿ ಇಟ್ಟ ಮೊರೆ. ಹಾಗೆ ಮೊರೆಯಿಟ್ಟವರು ಫರ್ಯಾದಿ. ಸುಲ್ತಾನರ, ಮರಾಠರ ಆಡಳಿತದ ದಫ್ತರಗಳ ದಾರಿಯಲ್ಲಿ ವಕೀಲ, ಜಾಮೀನು, ಜಪ್ತಿ, ಅರ್ಜಿ, ಕಲಂಗಳು ಬಂದಂತೆ ಇದೂ ನಮ್ಮಲ್ಲಿಗೆ ಬಂದು ನೆಲೆಸಿತು. ಮರಾಠಿಯಲ್ಲಿ ಇಂದಿಗೂ ಕ್ರಿಮಿನಲ್ ಮೊಕದ್ದಮೆ ಹೂಡಿದವರು ಫಿರ್ಯಾದಿಯೇ. ಕನ್ನಡದ ನಾಲಿಗೆ ಇದನ್ನು ಪ್ರದೇಶಕ್ಕೆ ತಕ್ಕಂತೆ ತಿರುಚಿಕೊಂಡಿದೆ. ಕರಾವಳಿಯ ವರದಿಗಳಲ್ಲಿ 'ಪಿರ್ಯಾದಿದಾರರು' ಸಾಮಾನ್ಯ. ಕಲಬುರಗಿ, ಬೀದರ್ ಕಡೆಯ ಪೊಲೀಸ್ ಬರಹದಲ್ಲಿ 'ಫಿರ್ಯಾದಿ ಸಾರಾಂಶವೇನೆಂದರೆ' ಎಂದು ಕಥೆ ಆರಂಭವಾಗುತ್ತದೆ. ಅಂದರೆ ಒಂದೇ ಪದ ಅಲ್ಲಿ ದೂರಿಗೂ ಹೌದು, ದೂರು ಕೊಟ್ಟವರಿಗೂ ಹೌದು. ಕಟ್ಟುನಿಟ್ಟಾಗಿ ಹೇಳುವುದಾದರೆ ಫಿರ್ಯಾದು ಎಂದರೆ ದೂರು, ಫಿರ್ಯಾದಿ ಎಂದರೆ ದೂರು ಕೊಟ್ಟವರು. 'ಫಿರ್ಯಾದಿದಾರ' ಎನ್ನುವಾಗ ಕೊನೆಯ ಇಕಾರ ಆಗಲೇ ಮಾಡಿದ ಕೆಲಸವನ್ನೇ 'ದಾರ' ಮತ್ತೊಮ್ಮೆ ಮಾಡುತ್ತದೆ. ವ್ಯಾಕರಣಕ್ಕೆ ಅದು ಹೆಚ್ಚಿನ ಬಾಲ, ಬಳಕೆಗೆ ಅಡ್ಡಿಯಾಗಿಲ್ಲ.

ನಿಜಾಮರ ಆಳ್ವಿಕೆಯಲ್ಲಿದ್ದ ಕಲ್ಯಾಣ ಕರ್ನಾಟಕದ ಕೋರ್ಟುಗಳಲ್ಲಿ ಉರ್ದು ನಡೆಯುತ್ತಿತ್ತು. ಉರ್ದು ಕಾನೂನು ಭಾಷೆಯಲ್ಲಿ ಕ್ರಿಮಿನಲ್ ಫಿರ್ಯಾದಿಗೆ 'ಮುಸ್ತಗೀಸ್' ಎಂಬ ಹೆಸರಿದೆ. ಅದರ ಅರಬ್ಬಿ ಮೂಲದಲ್ಲೂ ಇರುವುದು 'ಕಾಪಾಡಿ' ಎಂಬ ಕೂಗೇ. ಇಂಗ್ಲಿಷಿನವರು ಸಿವಿಲ್ ವಾದಿಗೆ ಬಳಸುವ 'ಪ್ಲೇಂಟಿಫ್', ದೂರಿಗೆ ಬಳಸುವ 'ಕಂಪ್ಲೇಂಟ್' ಎರಡರ ಬೇರೂ ಎದೆ ಬಡಿದುಕೊಂಡು ಅಳುವುದನ್ನು ಹೇಳುವ ಲ್ಯಾಟಿನ್ ಕ್ರಿಯಾಪದದಲ್ಲಿದೆ. ನಮ್ಮ ಹಳೆಯ 'ಹುಯ್ಯಲು', 'ಮೊರೆ' ಎಂಬ ಮಾತುಗಳೂ ಇದೇ ಬಳಗ. ಒಂದನ್ನೊಂದು ಕೇಳದ ಇಷ್ಟೊಂದು ಭಾಷೆಗಳು ಈ ವ್ಯಕ್ತಿಯನ್ನು ಮೊದಲು ಗುರುತಿಸಿದ್ದು ಬೆರಳು ತೋರಿಸುವವನೆಂದಲ್ಲ, ಕೂಗಿಕೊಂಡವನೆಂದು. ಇನ್ನೊಬ್ಬನ ತಪ್ಪಿಗಿಂತ ಮೊದಲು ಕೇಳಿಸುವುದು ತನ್ನ ನೋವು.

'ದೂರು' ಮಾತ್ರ ಅಚ್ಚ ದ್ರಾವಿಡ, ಮತ್ತು ಅದರ ಗುಣ ಬೇರೆ. ಹಿಂದೆ ಇದನ್ನು ಶಕಟರೇಫದಲ್ಲಿ 'ದೂಱು' ಎಂದು ಬರೆಯುತ್ತಿದ್ದರು. ಹತ್ತಿರ, ದೂರ ಎನ್ನುವಾಗಿನ ಸಂಸ್ಕೃತದ 'ದೂರ'ಕ್ಕೂ ಇದಕ್ಕೂ ನಂಟಿಲ್ಲ. ನಿಂದಿಸು, ತಪ್ಪು ಹೊರಿಸು ಎಂಬುದು ಇದರ ಮೂಲ ಅರ್ಥ. ಅತ್ತೆ ಸೊಸೆಯನ್ನು ದೂರುತ್ತಾಳೆ, ಸೋತವನು ವಿಧಿಯನ್ನು ದೂರುತ್ತಾನೆ. ಶಾಲೆಯಲ್ಲಿ ಮೇಷ್ಟ್ರಿಗೆ ದೂರು ಹೇಳುವ ಹುಡುಗನನ್ನು ಉಳಿದವರು ಚಾಡಿಕೋರ ಎಂದೇ ಕರೆಯುವುದು. ಈ ಕನ್ನಡದ ಬುಡಕ್ಕೆ ಪಾರಸಿಯ 'ದಾರ' ಅಂಟಿಸಿ, ಪಾಲುದಾರ, ಗುತ್ತಿಗೆದಾರರ ಸಾಲಿನಲ್ಲಿ 'ದೂರುದಾರ'ನನ್ನು ನಿಲ್ಲಿಸಿದೆವು. ಇಂದು ಸರ್ಕಾರಿ ಕನ್ನಡಕ್ಕೆ ಪ್ರಿಯವಾದ ಪದ ಇದೇ. ಸುಲಭ, ಸ್ಪಷ್ಟ, ಆದರೆ ಫಿರ್ಯಾದಿಯಲ್ಲಿರುವ ಆರ್ತತೆ ಇದರಲ್ಲಿಲ್ಲ. ಗೊಣಗುವವನ ನೆರಳು ಸ್ವಲ್ಪ ಉಳಿದುಕೊಂಡಿದೆ.

ಉಳಿದ ಪದಗಳಿಗೆ ಒಂದೊಂದು ಸಾಲು ಸಾಕು. ವಾದಿ ಮಾತನಾಡುವವನು. ಅರ್ಜಿದಾರ ಬಿನ್ನವಿಸಿಕೊಳ್ಳುವವನು. ಹಳೆಯ ಸಂಸ್ಕೃತದ ಅರ್ಥಿ ಬೇಡುವವನು. ಬಾಧಿತ ನೋವುಂಡವನು. ಪ್ರತಿಯೊಂದು ಹೆಸರೂ ಅದೇ ಮನುಷ್ಯನನ್ನು ಬೇರೆ ಬೇರೆ ಕಡೆಯಿಂದ ತೋರಿಸುತ್ತದೆ. ಇವುಗಳಲ್ಲಿ ಯಾವುದೂ ಅವನು ಹೇಳಿದ್ದು ನಿಜ ಎನ್ನುವುದಿಲ್ಲ. ಸುಳ್ಳು ಎಂದೂ ಹೇಳುವುದಿಲ್ಲ.

ಆರೋಪಿಯ ಒಗಟು

ಹಾಗಾದರೆ ಆರೋಪ ಮಾಡಿದವನಿಗೆ 'ಆರೋಪ'ದಿಂದಲೇ ಒಂದು ಪದ ಏಕೆ ಹುಟ್ಟಲಿಲ್ಲ? ಹುಟ್ಟಿತ್ತು, ಅದನ್ನು ಎದುರು ಪಕ್ಷದವನಿಗೆ ಕೊಟ್ಟುಬಿಟ್ಟೆವು.

ಆರೋಪ ಎಂದರೆ ಮೇಲೆ ಇಡುವುದು, ಹೊರಿಸುವುದು. 'ಆರೋಪ ಹೊರಿಸಿದರು' ಎನ್ನುವಾಗ ಸಂಸ್ಕೃತದ ಚಿತ್ರವನ್ನೇ ಕನ್ನಡದಲ್ಲಿ ಇನ್ನೊಮ್ಮೆ ಬಿಡಿಸುತ್ತೇವೆ. ತ್ಯಾಗ ಮಾಡುವವನು ತ್ಯಾಗಿ, ದ್ರೋಹ ಮಾಡುವವನು ದ್ರೋಹಿ ಎನ್ನುವ ಲೆಕ್ಕದಲ್ಲಿ ಆರೋಪ ಮಾಡುವವನು ಆರೋಪಿಯಾಗಬೇಕಿತ್ತು. ಆರೋಪಕ್ಕೆ ಗುರಿಯಾದವನು ಆರೋಪಿತನಾಗಬೇಕಿತ್ತು. ಕನ್ನಡದ ಕಿವಿ ಬೇರೆ ಸಾಲನ್ನು ಹಿಡಿಯಿತು: ರೋಗ ಇರುವವನು ರೋಗಿ, ದೋಷ ಇರುವವನು ದೋಷಿ, ಹಾಗೆಯೇ ತಲೆಯ ಮೇಲೆ ಆರೋಪ ಇರುವವನು ಆರೋಪಿ. ವ್ಯಾಕರಣದ ದೃಷ್ಟಿಯಲ್ಲಿ ಇದನ್ನು ತಪ್ಪೆನ್ನಲು ಬಾರದು, ಆ ಇಕಾರಕ್ಕೆ 'ಉಳ್ಳವನು' ಎಂಬ ಅರ್ಥವೂ ಉಂಟು. ಆದರೆ ರೋಗಿ, ದೋಷಿಗಳ ಪಂಕ್ತಿಯಲ್ಲಿ ಕೂತದ್ದರಿಂದ ಆರೋಪಿಗೂ ಅದೇ ಬಣ್ಣ ಹತ್ತಿತು. ಆರೋಪಿ ಎಂದ ಕೂಡಲೇ ಅಪರಾಧಿ ಎಂದು ಕೇಳಿಸುವ ಕಾಯಿಲೆಗೆ ಇದೂ ಒಂದು ಕಾರಣ. ಕಾನೂನಿನ ಕನ್ನಡ ಪಠ್ಯಗಳು ಹಲವೆಡೆ 'ಆಪಾದಿತ' ಎಂದು ಬರೆಯುವುದು ಹೆಚ್ಚು ನಿಷ್ಕೃಷ್ಟ. ಆಪಾದನೆಗೆ ಒಳಗಾದವನು, ಅಷ್ಟೇ. ಆ ಪದ ಪುಸ್ತಕ ಬಿಟ್ಟು ಬೀದಿಗೆ ಇಳಿಯಲಿಲ್ಲ.

ಹಣ್ಣಿನ ಅಂಗಡಿಯ ಅಮ್ಮ ಬೆಚ್ಚಿದ್ದರ ಒಳಗುಟ್ಟೂ ಇದೇ ಇರಬೇಕು. 'ದಿ' ಎಂದೋ 'ಪಿ' ಎಂದೋ ಮುಗಿಯುವ ಠಾಣೆಯ ಪದ ಕಿವಿಗೆ ಬಿದ್ದರೆ ಅದು ಸಿಕ್ಕಿಬಿದ್ದವನ ಹೆಸರು ಎಂದೇ ನಮ್ಮ ಜನಕ್ಕೆ ಅಭ್ಯಾಸ.

ಕಲ್ಯಾಣದಲ್ಲಿ ಬರೆದ ನಿಯಮ

ಆಪಾದಿಸಿದವರನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಗೆ ಕನ್ನಡ ನೆಲದಲ್ಲೇ ಒಂದು ಹಳೆಯ ಬುನಾದಿ ಇದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವಿನ ಆಳ್ವಿಕೆಯಲ್ಲಿ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಹಿಂದೂ ಆಸ್ತಿ ಹಕ್ಕಿನ ವಿಷಯದಲ್ಲಿ ಮಿತಾಕ್ಷರದ ಹೆಸರು ಎಲ್ಲರಿಗೂ ಗೊತ್ತು. ಅದರ ವ್ಯವಹಾರ ಭಾಗದಲ್ಲಿ ಮೊಕದ್ದಮೆ ನಡೆಸುವ ಕ್ರಮವೂ ಇದೆ. ಅದನ್ನು ನೋಡುವವರು ಕಡಿಮೆ.

ಅಲ್ಲಿ ದೂರು ತಂದವನು ಅರ್ಥಿ, ಎದುರಾಳಿ ಪ್ರತ್ಯರ್ಥಿ. ಆಪಾದನೆಗೆ ಅಭಿಯೋಗ, ಆಪಾದಿಸಿದವನಿಗೆ ಅಭಿಯೋಕ್ತೃ, ಗುರಿಯಾದವನಿಗೆ ಅಭಿಯುಕ್ತ. ಆಚಾರಕ್ಕೂ ಸ್ಮೃತಿಗೂ ವಿರುದ್ಧವಾದ ರೀತಿಯಲ್ಲಿ ಇತರರಿಂದ ಪೀಡಿತನಾದವನು ರಾಜನಿಗೆ ಅರಿಕೆ ಮಾಡಿಕೊಂಡರೆ ವ್ಯವಹಾರ ಹುಟ್ಟುತ್ತದೆ. ಅರಿಕೆಯೇ ಮೊದಲ ಮೆಟ್ಟಿಲು. ರಾಜನಾಗಲಿ ಅವನ ಅಧಿಕಾರಿಯಾಗಲಿ ತಾನಾಗಿ ವ್ಯಾಜ್ಯ ಹುಟ್ಟಿಸಬಾರದು ಎಂದು ಮನುವಿನ ವಿಧಿ. ಅರ್ಥಿ ಹೇಳಿದ್ದನ್ನು ಹೇಳಿದಂತೆಯೇ, ಪ್ರತ್ಯರ್ಥಿಯ ಎದುರಿನಲ್ಲಿ, ವರ್ಷ, ಮಾಸ, ಪಕ್ಷ, ದಿನ, ಹೆಸರು, ಜಾತಿ ಮುಂತಾದ ಗುರುತುಗಳೊಡನೆ ಬರೆದುಕೊಳ್ಳಬೇಕು. ಠಾಣೆಯ ಪ್ರಥಮ ವರ್ತಮಾನ ವರದಿಯ ನಮೂನೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ: ಜಿಲ್ಲೆ, ಠಾಣೆ, ಕೃತ್ಯ ನಡೆದ ದಿನ, ವೇಳೆ, ಸ್ಥಳ, ದೂರು ಕೊಟ್ಟವರ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಿಳಾಸ. ಕಾಲಂಗಳ ಹಿಂದಿನ ಬುದ್ಧಿ ಒಂದೇ. ಮೊದಲು ಹೇಳಿದ್ದು ಮುಂದೆ ಬದಲಾಗದಂತೆ ಕಟ್ಟಿಹಾಕುವುದು.

ಇನ್ನೂ ಎರಡು ನಿಯಮಗಳು ಗಮನಿಸತಕ್ಕವು. ತನ್ನ ಮೇಲಿನ ಆಪಾದನೆಯಿಂದ ಪಾರಾಗುವ ಮೊದಲು ಅಭಿಯುಕ್ತನು ಅಭಿಯೋಕ್ತೃವಿನ ಮೇಲೆ ತಿರುಗಿ ಆಪಾದನೆ ಹೊರಿಸುವಂತಿಲ್ಲ. ಜಗಳ, ಹಿಂಸಾಕೃತ್ಯದ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಇಂದು ಹೊಡೆದಾಟದ ಪ್ರಕರಣಗಳಲ್ಲಿ ಎರಡೂ ಕಡೆಯವರು ದೂರು, ಪ್ರತಿದೂರು ಕೊಟ್ಟು ಬರುವುದನ್ನು ಕಂಡವರಿಗೆ ಈ ವಿನಾಯಿತಿಯ ಜಾಣತನ ಅರ್ಥವಾಗುತ್ತದೆ. ಎರಡನೆಯದು, ಸುಳ್ಳು ಆಪಾದನೆ ತಂದವನು ತಾನು ಕೇಳಿದ ಮೊತ್ತದ ಎರಡರಷ್ಟು ತೆರಬೇಕು ಎಂಬುದು. ಆ ಸುಳ್ಳುಗಾರನಿಗೆ ಸ್ಮೃತಿ ಕೊಟ್ಟ ಹೆಸರು 'ಮಿಥ್ಯಾಭಿಯೋಗಿ'. ಇಲ್ಲಿ ಅಭಿಯೋಗಿ ಎಂದರೆ ಆಪಾದಿಸಿದವನು. ಕನ್ನಡ ಆರೋಪಿಯಲ್ಲಿ ತಿರುವಿ ಹಾಕಿದ ಪದರಚನೆ ಇಲ್ಲಿ ಇನ್ನೂ ನೆಟ್ಟಗಿದೆ.

ಠಾಣೆಯಲ್ಲಿ ಒಬ್ಬರು, ಕೋರ್ಟಿನಲ್ಲಿ ಇನ್ನೊಬ್ಬರು

ಈಗಿನ ಕಾನೂನಿಗೆ ಬರೋಣ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಹಳೆಯ 154ನೇ ಕಲಮಿನ ಎಫ್‌ಐಆರ್ ಈಗ 173ನೇ ಕಲಮು. ಈ ಸಂಹಿತೆಯ ಪರಿಭಾಷೆಯಲ್ಲಿ ಒಂದು ಸೂಕ್ಷ್ಮವಿದೆ: ಠಾಣೆಯಲ್ಲಿ ನಾವು ಕೊಡುವುದು ಕಾನೂನಿನ ಕಟ್ಟುನಿಟ್ಟಾದ ಅರ್ಥದಲ್ಲಿ 'ದೂರು' ಅಲ್ಲವೇ ಅಲ್ಲ. ಅದು ವರ್ತಮಾನ, ಅಂದರೆ ಸುದ್ದಿ. ಅದಕ್ಕೇ 'ಪ್ರಥಮ ವರ್ತಮಾನ ವರದಿ'. ಕೊಟ್ಟವರು ಮಾಹಿತಿದಾರರು. ಮ್ಯಾಜಿಸ್ಟ್ರೇಟರು ಕ್ರಮ ಕೈಗೊಳ್ಳಲಿ ಎಂಬ ಉದ್ದೇಶದಿಂದ ಅವರ ಮುಂದೆಯೇ, ಬಾಯಿಮಾತಿನಲ್ಲಾಗಲಿ ಬರಹದಲ್ಲಾಗಲಿ, ಮಾಡುವ ಆಪಾದನೆ ಮಾತ್ರ ದೂರು. ಪೊಲೀಸ್ ವರದಿ ಅದರೊಳಗೆ ಸೇರದು. ವಕೀಲರ ಬಾಯಲ್ಲಿ ಅದು 'ಖಾಸಗಿ ದೂರು'. ಕೋರ್ಟಿನ ದಫ್ತರದಲ್ಲಿ ಪಿ.ಸಿ.ಆರ್. ನಂಬರು.

ವ್ಯತ್ಯಾಸ ಬರೀ ಹೆಸರಿನದಲ್ಲ. ಖಾಸಗಿ ದೂರಿನ ಫಿರ್ಯಾದಿ ಮೊಕದ್ದಮೆಯ ಯಜಮಾನ. ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು, ಸಾಕ್ಷಿ ತರಬೇಕು, ವಕೀಲರನ್ನು ತಾನೇ ನೇಮಿಸಿಕೊಳ್ಳಬೇಕು. ಸಮನ್ಸ್ ಪ್ರಕರಣದ ದಿನ ಅಟೆಂಡರ್ ಬಾಗಿಲಲ್ಲಿ ನಿಂತು ಹೆಸರು ಕೂಗಿದಾಗ ಹಾಜರಿರದೆ, ಆಮೇಲೆ ಕೊಡುವ 30 ದಿನಗಳ ಕಾಲಾವಕಾಶದಲ್ಲೂ ಬಾರದಿದ್ದರೆ, ಮ್ಯಾಜಿಸ್ಟ್ರೇಟರಿಗೆ ಮುಂದೂಡಲು ಕಾರಣ ಕಾಣದಿದ್ದರೆ, ಎದುರು ಪಕ್ಷ ಖುಲಾಸೆ. ಮೊದಲು ಕೂಗಿಕೊಂಡು ಬಂದವನನ್ನು ಆಮೇಲೆ ಕೋರ್ಟೇ ಕೂಗಿ ಕರೆಯುತ್ತದೆ. ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಈ ಕೂಗು ದಿನವೂ ಕೇಳುತ್ತದೆ, ಏಕೆಂದರೆ ಚೆಕ್ ಕಾನೂನಿನ 138ನೇ ಕಲಮಿನ ಅಪರಾಧವನ್ನು ಹಣ ಪಡೆಯಬೇಕಾದವರ ಲಿಖಿತ ದೂರಿನ ಮೇಲೆ ಮಾತ್ರ ವಿಚಾರಣೆಗೆ ಎತ್ತಿಕೊಳ್ಳಬಹುದು. ಮಾನನಷ್ಟವೂ ಹಾಗೆಯೇ, ನೊಂದವರೇ ಬರಬೇಕು. ಇಂಥ ವಿನಾಯಿತಿಗಳನ್ನು ಬಿಟ್ಟರೆ ಕ್ರಿಮಿನಲ್ ಕಾನೂನಿನ ಚಕ್ರವನ್ನು ಯಾರು ಬೇಕಾದರೂ ತಿರುಗಿಸಬಹುದು. ನೊಂದವರೇ ಆಗಬೇಕಿಲ್ಲ ಎಂದು ಎ.ಆರ್. ಅಂತುಲೆ ಪ್ರಕರಣದಲ್ಲಿ 1984ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಹೊಸ ಸಂಹಿತೆಯ 223ನೇ ಕಲಮು ಖಾಸಗಿ ದೂರಿಗೆ ಒಂದು ಹೊಸ ಮೆಟ್ಟಿಲನ್ನೂ ಸೇರಿಸಿದೆ: ಆಪಾದಿತನ ಮಾತು ಕೇಳುವ ಅವಕಾಶ ಕೊಡದೆ ಮ್ಯಾಜಿಸ್ಟ್ರೇಟರು ಅಪರಾಧವನ್ನು ಪರಿಗಣನೆಗೆ ತೆಗೆದುಕೊಳ್ಳುವಂತಿಲ್ಲ. ಯಾವ ಹಂತದಲ್ಲಿ ಕೇಳಬೇಕು ಎಂಬ ಗೊಂದಲಕ್ಕೆ ಕರ್ನಾಟಕ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಉತ್ತರ ಕೊಟ್ಟಿತು. ಮೊದಲು ದೂರುದಾರರ ಪ್ರಮಾಣ ಹೇಳಿಕೆ, ಆಮೇಲೆ ಎದುರು ಪಕ್ಷಕ್ಕೆ ನೋಟಿಸು. ಪ್ರತ್ಯರ್ಥಿಯ ಎದುರಿನಲ್ಲಿ ಬರೆದುಕೊಳ್ಳಬೇಕು ಎಂಬ ಹಳೆಯ ಮಾತು ಬೇರೆ ವೇಷದಲ್ಲಿ ಮರಳಿದಂತೆ ಕಾಣುತ್ತದೆ.

ಠಾಣೆಯ ದಾರಿ ಹಿಡಿದವರ ಕಥೆ ಬೇರೆ. ಗಂಭೀರ ಸ್ವರೂಪದ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಸುದ್ದಿ ಬಂದರೆ ಎಫ್‌ಐಆರ್ ಬರೆದುಕೊಳ್ಳುವುದು ಕಡ್ಡಾಯ ಎಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿತು. ಮೂರು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ 14 ದಿನಗಳ ಪ್ರಾಥಮಿಕ ವಿಚಾರಣೆಗೆ ಹೊಸ ಸಂಹಿತೆ ದಾರಿ ಬಿಟ್ಟಿದೆ. ಎಫ್‌ಐಆರ್ ಆದ ಮೇಲೆ ಪ್ರಕರಣ ಮಾಹಿತಿದಾರರ ಕೈಬಿಟ್ಟು ಸರ್ಕಾರದ ಕೈಸೇರುತ್ತದೆ. ತನಿಖೆ ಪೊಲೀಸರದು, ವಾದ ಸರ್ಕಾರಿ ಅಭಿಯೋಜಕರದು. ತೀರ್ಪಿನ ಮೊದಲ ಪುಟದಲ್ಲಿ 'ಫಿರ್ಯಾದಿ' ಎಂಬ ಜಾಗದಲ್ಲಿ ಅಚ್ಚಾಗುವುದು 'ಕರ್ನಾಟಕ ರಾಜ್ಯ, ಇಂಥ ಪೊಲೀಸ್ ಠಾಣೆಯ ಮೂಲಕ' ಎಂದು. ತಕ್ಕಡಿ ಕಳೆದುಕೊಂಡ ಅಮ್ಮ ಆ ಪುಟದಲ್ಲಿ ಇರುವುದಿಲ್ಲ. ಅವರು ಒಳಗೆಲ್ಲೋ 'ಚಾಸಾ 1', ದೋಷಾರೋಪಣ ಪಟ್ಟಿಯ ಮೊದಲ ಸಾಕ್ಷಿ. ರಾಜ ತಾನಾಗಿ ವ್ಯಾಜ್ಯ ಹುಟ್ಟಿಸಬಾರದು ಎಂದಿದ್ದ ಕಾಲದಿಂದ ರಾಜ್ಯವೇ ಫಿರ್ಯಾದಿಯಾಗುವ ಕಾಲಕ್ಕೆ ಬಂದಿದ್ದೇವೆ. ಇದರಿಂದ ಬಡವರಿಗೆ ಅನುಕೂಲವೂ ಆಗಿದೆ: ಕಳ್ಳನ ಮೇಲೆ ಮೊಕದ್ದಮೆ ನಡೆಸಲು ಹಣ್ಣು ಮಾರುವವರು ವಕೀಲರಿಗೆ ದುಡ್ಡು ಹೊಂದಿಸಬೇಕಿಲ್ಲ. ಆದರೆ ಕೂಗು ಅವರದು, ಹೆಸರು ಸರ್ಕಾರದ್ದು.

ಪೊಲೀಸ್ ಅಧಿಕಾರಿಯೇ ದೂರು ಕೊಡುವುದೂ ಉಂಟು. ಜೂಜು, ಅಕ್ರಮ ಮರಳು, ಗಾಂಜಾ ದಾಳಿಗಳಲ್ಲಿ ಉತ್ತರ ಕರ್ನಾಟಕದ ಠಾಣೆಗಳು ಬರೆಯುವ 'ಸರ್ಕಾರಿ ತರ್ಫೆ ಫಿರ್ಯಾದಿ' ಇದೇ. ಹಾಗೆ ದೂರು ಕೊಟ್ಟ ಅಧಿಕಾರಿಯೇ ತನಿಖೆಯನ್ನೂ ಮಾಡಬಹುದೇ? ಮಾಡಬಾರದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2020ರ ಆಗಸ್ಟ್ 31ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿತು. ಅಷ್ಟರಿಂದಲೇ ತನಿಖೆ ಕೆಡುವುದಿಲ್ಲ, ಪಕ್ಷಪಾತ ನಡೆದಿದೆಯೇ ಎಂದು ಆಯಾ ಪ್ರಕರಣದಲ್ಲಿ ನೋಡಬೇಕು ಎಂಬುದು ಈಗಿನ ನಿಲುವು.

ಮರಳಿ ಒಳಗೆ ಬಂದವರು

ಹೊರಗೆ ನಿಂತ ಮಾಹಿತಿದಾರರನ್ನು ನ್ಯಾಯಾಲಯಗಳು ಮೆಲ್ಲಮೆಲ್ಲನೆ ಒಳಗೆ ಕರೆದುಕೊಂಡಿವೆ. ತನಿಖೆ ಮುಗಿಸಿ ಪೊಲೀಸರು 'ಬಿ ರಿಪೋರ್ಟ್' ಹಾಕಿದರೆ, ಅಂದರೆ ಪ್ರಕರಣದಲ್ಲಿ ಹುರುಳಿಲ್ಲ ಎಂದರೆ, ಅದನ್ನು ಒಪ್ಪುವ ಮೊದಲು ಮಾಹಿತಿದಾರರಿಗೆ ನೋಟಿಸು ಕೊಟ್ಟು ಅವರ ಮಾತು ಕೇಳಲೇಬೇಕೆಂದು 1985ರ ಭಗವಂತ್ ಸಿಂಗ್ ತೀರ್ಪು ವಿಧಿಸಿತು. ಆಗ ಸಲ್ಲಿಸುವುದೇ ತಕರಾರು ಅರ್ಜಿ. 2009ರ ತಿದ್ದುಪಡಿ ಸಂಹಿತೆಯೊಳಕ್ಕೆ ಮೊದಲ ಬಾರಿಗೆ 'ಸಂತ್ರಸ್ತ' ಎಂಬ ಪದಕ್ಕೆ ವ್ಯಾಖ್ಯೆ ತಂದಿತು. ಖುಲಾಸೆಯಾದರೆ ಮೇಲ್ಮನವಿ ಹೋಗುವ ಹಕ್ಕನ್ನೂ ಕೊಟ್ಟಿತು. ಆ ಮೇಲ್ಮನವಿಗೆ ನ್ಯಾಯಾಲಯದ ಮುಂಗಡ ಅನುಮತಿ ಬೇಕಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ತೀರ್ಮಾನಿಸಿದ್ದು ಕರ್ನಾಟಕದಿಂದ ಹೋದ ಪ್ರಕರಣದಲ್ಲಿ.

ಫಿರ್ಯಾದಿಯೂ ಸಂತ್ರಸ್ತನೂ ಒಂದೇಯೇ? ಪ್ರತಿ ಸಲವೂ ಅಲ್ಲ. ರಸ್ತೆಯಲ್ಲಿ ಕಂಡ ಅಪಘಾತದ ಸುದ್ದಿ ಕೊಟ್ಟ ದಾರಿಹೋಕ ಮಾಹಿತಿದಾರ, ಸಂತ್ರಸ್ತನಲ್ಲ. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದವನು ಸಂತ್ರಸ್ತ, ಫಿರ್ಯಾದಿಯಲ್ಲ. ಕೆಲವೊಮ್ಮೆ ಎರಡೂ ಒಬ್ಬರಲ್ಲೇ ಸೇರುತ್ತವೆ. ಚೆಕ್ ಬೌನ್ಸ್ ದೂರುದಾರರು ಸಂತ್ರಸ್ತರೂ ಹೌದು, ಆ ಹಕ್ಕಿನಲ್ಲೇ ಮೇಲ್ಮನವಿ ಹೋಗಬಹುದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಂದು ಪದದ ವ್ಯಾಖ್ಯೆ ಸ್ವಲ್ಪ ಹಿಗ್ಗಿದ್ದರಿಂದ ಸಾವಿರಾರು ಜನರಿಗೆ ಬಾಗಿಲು ತೆರೆಯಿತು. ಇದನ್ನು ಶಬ್ದಚರ್ಚೆ ಎಂದು ತಳ್ಳಿಹಾಕುವಂತಿಲ್ಲ.

ಬೇರೆ ಕಟ್ಟೆ, ಬೇರೆ ಹೆಸರು

ಸಿವಿಲ್ ಕೋರ್ಟಿನಲ್ಲಿ ವಾದಿ, ಪ್ರತಿವಾದಿ. ಅಲ್ಲಿ ಯಾರೂ ಫಿರ್ಯಾದಿಯಲ್ಲ, ಯಾರೂ ಆರೋಪಿಯಲ್ಲ. ರಿಟ್‌ನಲ್ಲಿ ಅರ್ಜಿದಾರ, ಮೇಲಿನ ಕೋರ್ಟಿಗೆ ಹೋದರೆ ಮೇಲ್ಮನವಿದಾರ. ಕೆಳಗೆ ಪ್ರತಿವಾದಿಯಾಗಿದ್ದವನೇ ಸೋತು ಮೇಲೆ ಹೋದರೆ ಮೇಲ್ಮನವಿದಾರನಾಗುತ್ತಾನೆ. ಗ್ರಾಹಕರ ಆಯೋಗದಲ್ಲಿ ದೂರುದಾರ ಮತ್ತು ಎದುರುದಾರ. ಲೋಕಾಯುಕ್ತದಲ್ಲಿ ದೂರುದಾರ ನಿಗದಿತ ನಮೂನೆಯ ಜೊತೆಗೆ ಪ್ರಮಾಣಪತ್ರವನ್ನೂ ಕೊಡಬೇಕು. ಮಾತಿಗೆ ಪ್ರಮಾಣದ ಭಾರ ಕಟ್ಟುವ ವ್ಯವಸ್ಥೆ ಅದು.

ಗಮನಿಸಬೇಕಾದ್ದು ಮಹಿಳೆಯರ ರಕ್ಷಣೆಗೆಂದು ಬಂದ ಎರಡು ಕಾಯ್ದೆಗಳು. 2005ರ ಕೌಟುಂಬಿಕ ಹಿಂಸೆ ಕಾಯ್ದೆ 'ಬಾಧಿತ ವ್ಯಕ್ತಿ' ಎನ್ನುತ್ತದೆ. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ 'ಬಾಧಿತ ಮಹಿಳೆ' ಎನ್ನುತ್ತದೆ. ಎರಡರಲ್ಲೂ ಎದುರು ನಿಂತವರು ಪ್ರತಿವಾದಿ, ಆರೋಪಿಯಲ್ಲ. ದೂರುವವಳು ಎಂಬ ಕಳಂಕ ತಪ್ಪಿಸಿ, ಎದುರಿನವನಿಗೂ ತೀರ್ಮಾನಕ್ಕೆ ಮೊದಲೇ ಹಣೆಪಟ್ಟಿ ಹಚ್ಚದೆ ಇರಲು ಶಾಸನ ಎಚ್ಚರದಿಂದ ಆರಿಸಿಕೊಂಡ ಪದಗಳು ಇವು.

ಸುಳ್ಳು ಕೂಗಿನ ಲೆಕ್ಕ

ಮಿಥ್ಯಾಭಿಯೋಗಿ ಎಲ್ಲೂ ಹೋಗಿಲ್ಲ. ನ್ಯಾಯವಾದ ಆಧಾರವಿಲ್ಲವೆಂದು ತಿಳಿದೂ, ಕೆಡುಕು ಮಾಡುವ ಉದ್ದೇಶದಿಂದ ಸುಳ್ಳು ಮೊಕದ್ದಮೆ ಹೂಡಿದರೆ ಭಾರತೀಯ ನ್ಯಾಯ ಸಂಹಿತೆಯ 248ನೇ ಕಲಮಿನಡಿ ಐದು ವರ್ಷದವರೆಗೆ ಸೆರೆ, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೊರಿಸಿದ ಆಪಾದನೆ ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮೇಲ್ಪಟ್ಟ ಶಿಕ್ಷೆಯದ್ದಾಗಿದ್ದರೆ ಸೆರೆ ಹತ್ತು ವರ್ಷದವರೆಗೆ ಹೋಗುತ್ತದೆ. ಹಳೆಯ ದಂಡ ಸಂಹಿತೆಯ 211ನೇ ಕಲಮಿನಲ್ಲಿ ಇದು ಕ್ರಮವಾಗಿ ಎರಡು ಮತ್ತು ಏಳು ವರ್ಷವಿತ್ತು. ಸಕಾರಣವಿಲ್ಲದೆ ಆಪಾದಿಸಿದವರಿಂದ ಮ್ಯಾಜಿಸ್ಟ್ರೇಟರು ಪರಿಹಾರ ಕೊಡಿಸುವ ಅವಕಾಶವೂ ಇದೆ.

ಇಲ್ಲಿಯೇ ಸಾಮಾನ್ಯ ತಪ್ಪು ನಡೆಯುವುದು. ಆರೋಪಿ ಖುಲಾಸೆಯಾದ ಎಂದ ಮರುಗಳಿಗೆಯೇ 'ಹಾಗಾದರೆ ದೂರು ಸುಳ್ಳು' ಎಂಬ ತೀರ್ಮಾನ ಬೀದಿಯಲ್ಲಿ ಹುಟ್ಟುತ್ತದೆ. ಸಾಕ್ಷಿ ಸಾಲದೆ ಹೋಗುವುದು ಬೇರೆ, ಸುಳ್ಳೆಂದು ಗೊತ್ತಿದ್ದೇ ಹೇಳುವುದು ಬೇರೆ. 2013ರ ಕಾಯ್ದೆ ಇದನ್ನು ಬಿಡಿಸಿಯೇ ಬರೆದಿದೆ: ದೂರನ್ನು ರುಜುವಾತು ಮಾಡಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರುದಾರಳ ಮೇಲೆ ಕ್ರಮ ಜರುಗಿಸುವಂತಿಲ್ಲ, ದುರುದ್ದೇಶ ಪ್ರತ್ಯೇಕ ವಿಚಾರಣೆಯಲ್ಲಿ ಸಾಬೀತಾಗಬೇಕು. ಫಿರ್ಯಾದಿಯೇ ಕಟಕಟೆಯಲ್ಲಿ ನಿಂತು ಪ್ರತಿಕೂಲ ಸಾಕ್ಷಿಯಾಗುವುದನ್ನೂ ನಮ್ಮ ಕೋರ್ಟುಗಳು ದಿನಾ ನೋಡುತ್ತವೆ. ಅದರ ಹಿಂದೆ ಸುಳ್ಳು ಇರಬಹುದು. ಊರ ಹಿರಿಯರ ರಾಜಿ, ಸಾಲ, ಬೆದರಿಕೆ, ಅಲೆದಾಟದ ದಣಿವೂ ಇರಬಹುದು.

ನಮ್ಮ ಬರಹದಲ್ಲಿ

ಇಷ್ಟೆಲ್ಲ ನೋಡಿದ ಮೇಲೆ ಬರೆಯುವವರು, ಓದುವವರು ಪಾಲಿಸಬಹುದಾದ ಕ್ರಮ ಕಷ್ಟದ್ದೇನಲ್ಲ. ಠಾಣೆಗೋ ಮ್ಯಾಜಿಸ್ಟ್ರೇಟರಿಗೋ ಅಪರಾಧದ ದೂರು ಕೊಟ್ಟವರು ಫಿರ್ಯಾದಿ ಅಥವಾ ದೂರುದಾರರು. ಆಸ್ತಿ, ಹಣ, ಒಪ್ಪಂದದ ವ್ಯಾಜ್ಯದಲ್ಲಿ ವಾದಿ. ಅಪರಾಧದಿಂದ ನಷ್ಟ, ನೋವು ಆಯಿತು ಎಂಬುದು ಮುಖ್ಯವಾದಾಗ ಸಂತ್ರಸ್ತರು. ತೀರ್ಪಿಗೆ ಮೊದಲು ಆರೋಪಿ, ಶಿಕ್ಷೆಯ ತೀರ್ಪು ಬಂದ ಮೇಲೆ ಮಾತ್ರ ಅಪರಾಧಿ. 'ಮಾಹಿತಿದಾರ' ಎನ್ನುವಾಗ ಪೊಲೀಸರಿಗೆ ಗುಟ್ಟಾಗಿ ಸುಳಿವು ಕೊಡುವ ಬಾತ್ಮೀದಾರ ಎಂಬ ಅರ್ಥ ಬಾರದಂತೆ ನೋಡಿಕೊಳ್ಳಬೇಕು. ಲೈಂಗಿಕ ಅಪರಾಧಗಳಲ್ಲಿ ಸಂತ್ರಸ್ತರ ಹೆಸರಷ್ಟೇ ಅಲ್ಲ, ಗುರುತು ಸಿಗುವ ಯಾವ ವಿವರವನ್ನೂ ಅಚ್ಚು ಮಾಡಬಾರದು, ಅದು ಶಿಕ್ಷಾರ್ಹ.

ನನ್ನನ್ನು ಕೇಳಿದರೆ ಫಿರ್ಯಾದಿ ಎಂಬ ಪದ ಉಳಿಯಬೇಕು. ಅದು ಕಷ್ಟದ ಪದ, ಪರಭಾಷೆಯದು ಎಂದು ದೂರಿ ಬದಿಗೆ ಸರಿಸುವವರಿದ್ದಾರೆ. ನಾಲಿಗೆಗೆ ಒಗ್ಗಿ ಹೋದ ಪದಕ್ಕೆ ಜಾತಕ ಕೇಳುವುದು ವ್ಯರ್ಥ. ದೂರುದಾರ ಎಂದಾಗ ಅವನ ಬೆರಳು ಯಾರ ಕಡೆಗಿದೆ ಎಂದು ನೋಡುತ್ತೇವೆ. ಫಿರ್ಯಾದಿ ಎಂದಾಗ ಅವನಿಗೆ ಏನಾಯಿತು ಎಂದು ಕೇಳಬೇಕೆನಿಸುತ್ತದೆ. ನ್ಯಾಯ ಶುರುವಾಗಬೇಕಾದ್ದು ಆ ಎರಡನೆಯ ಪ್ರಶ್ನೆಯಿಂದ. ಉತ್ತರ ನಿಜವೋ ಸುಳ್ಳೋ ಎಂದು ತೂಗುವುದು ಆಮೇಲಿನ ಕೆಲಸ, ಅದಕ್ಕೆ ಬೇರೆ ತಕ್ಕಡಿ ಇದೆ.

ಕೊನೆಗೆ ಓದುಗರಿಗೆ ಒಂದು ಮಾತು. ಠಾಣೆಗೆ ಹೋದಾಗ 'ಫಿರ್ಯಾದಿ ಯಾರು' ಎಂದು ಕೇಳಿದರೆ ಬೆಚ್ಚಬೇಡಿ, 'ನಾನು' ಎನ್ನಿ. ಬರೆದುಕೊಂಡದ್ದನ್ನು ಓದಿ ಹೇಳಿಸಿಕೊಂಡ ಮೇಲೆ ಸಹಿ ಮಾಡಿ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ, ಆ ಕೂಡಲೇ ಪಡೆಯುವುದು ನಿಮ್ಮ ಹಕ್ಕು. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ. ಆ ಎರಡನ್ನೂ ಕೇಳಿ ಪಡೆಯಿರಿ.